ಕಡವಿನ ದೋಣಿಯಿಂದ ತೆಗೆದ ಫೋಟೋ

ಜೀವಮಾನದಲ್ಲಿ ನಾನು ತೆಗೆದ ಫೋಟೋಗಳು ಎರಡು. ಒಂದರಲ್ಲಿ ಕೊಡೆ ಬಂದಿದೆ. ಇನ್ನೊಂದರಲ್ಲಿ ನಮ್ಮ ಮನೆ ಬಂದಿದೆ. ಅದು ಬಂದ ಚಂದಕ್ಕೇ ಮನೆ ಹೋಯಿತೆಂದು ಬಹಳ ದಿನ ನಂಬಿದ್ದೆ.

ಬಂಟ್ವಾಳ ಪೇಟೆಯ ಮುಖ ಬೀದಿಗೆ, ಬೆನ್ನು ನೇತ್ರಾವತಿಗೆ. ನಮ್ಮ ಸಾಲಿನ ಮನೆಗಳ ಹಿಂಬದಿಯಲ್ಲಿ ಅಡುಗೆಮನೆ, ಬಚ್ಚಲು, ನಾಲ್ಕು ಹೆಜ್ಜೆ ಅಂಗಳ; ಅಲ್ಲಿಗೆ ನೆಲ ಮುಗಿದು ಮೂರಾಳೆತ್ತರದ ಕೆಂಪು ಮಣ್ಣಿನ ಬರೆ ನೆಟ್ಟಗೆ ಹೊಳೆಗೆ ಇಳಿಯುತ್ತಿತ್ತು. ಐವತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ನಮ್ಮ ಬಚ್ಚಲುಮನೆಯು ತಾಮ್ರದ ಹಂಡೆಯ ಸಮೇತ, ಯಾರಿಗೂ ಹೇಳದೆ, ಅರಬ್ಬೀ ಸಮುದ್ರದ ಕಡೆಗೆ ಪ್ರಯಾಣ ಬೆಳೆಸಿತು. ಮರುವರ್ಷ ಬೇಸಗೆಯಲ್ಲಿ ಅಡುಗೆಮನೆಯ ಮೂಲೆಯಿಂದ ಬರೆಯ ಬುಡದವರೆಗೆ ಬಿರುಕು ಬಿಟ್ಟಿತು. ಮೊದಲು ಅದರೊಳಗೆ ಬೆರಳು ಹೋಗುತ್ತಿತ್ತು. ಏಪ್ರಿಲ್ ನಡುವಿನ ಬಿಸು ಹಬ್ಬದ ಹೊತ್ತಿಗೆ ತೋಳು ಹೋಗುತ್ತಿತ್ತು. ಆಮೇಲೆ ಯಾರೂ ಅಳೆಯಲು ಹೋಗಲಿಲ್ಲ.

ಕಲ್ಲಿನ ತಡೆಗೋಡೆ ಕಟ್ಟಿಸಿಕೊಡಿ ಎಂದು ಅಪ್ಪ ಅರ್ಜಿ ಹಾಕಿದ್ದರು. ಯಾವ ಕಚೇರಿಗೆಂದು ಹೇಳುವುದಿಲ್ಲ. ಅಲ್ಲಿದ್ದವರ ಮಕ್ಕಳು ಮೊಮ್ಮಕ್ಕಳು ಸುಖವಾಗಿರಲಿ. ಅಪ್ಪನ ಮೊಣಕಾಲುಗಳು ಮೆಟ್ಟಿಲು ಹತ್ತುವ ಸೇವೆಯಿಂದ ನಿವೃತ್ತಿ ಪಡೆದಿದ್ದರಿಂದ ವಿಚಾರಿಸಲು ಹೋದವನು ನಾನು.

"ಬಿರುಕು ಉಂಟು ಅಂತ ನೀವು ಹೇಳ್ತೀರಿ," ಎಂದರು ಸಾಹೇಬರು. "ಅದು ಕಾಣಬೇಕಲ್ಲ? ಮನೆ, ಬರೆ, ಬಿರುಕು ಮೂರೂ ಒಂದೇ ಫೋಟೋದಲ್ಲಿ ಬರಲಿ. ಮಳೆ ಹಿಡಿಯುವ ಮೊದಲು ತನ್ನಿ, ಈ ವರ್ಷವೇ ಕಲ್ಲು ಇಳಿಸುವ."

"ತಾವೇ ಒಮ್ಮೆ ಬಂದು ನೋಡಿದರೆ?"

"ನಾನು ನೋಡಿದರೆ ನಾನು ನೋಡಿದ ಹಾಗಾಯ್ತು. ಕಡತ ನೋಡಿದ ಹಾಗಾಗುವುದಿಲ್ಲ."

ಮನೆಗೂ ಹೋಗದೆ, ಕ್ಯಾಮರಾ ಎಲ್ಲಿ ಸಿಕ್ಕೀತೆಂದು ಯೋಚಿಸುತ್ತ ನೇರ ಕೆಲಸದ ಊರಿನ ಬಸ್ಸು ಹತ್ತಿದೆ.

ಮೂರೂ ಒಟ್ಟಿಗೆ ಕಾಣುವ ಜಾಗ ನಡುಹೊಳೆ ಮಾತ್ರ. ಪಾಣೆಮಂಗಳೂರಿನ ಸೇತುವೆಯಿಂದ ನೋಡಿದರೆ ನಮ್ಮ ಮನೆ ಬೆಂಕಿಪೊಟ್ಟಣದಷ್ಟು. ಉಳಿದದ್ದು ಜನರನ್ನು ಹೊಳೆ ದಾಟಿಸುವ ಕಡವಿನ ದೋಣಿ. ಆಗ ನಾನು ಮೂಡುಬಿದಿರೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ನಮ್ಮ ಡ್ರಾಯಿಂಗ್ ಮಾಸ್ತರರ ಬಳಿ ಒಂದು ಡಬ್ಬಿ ಕ್ಯಾಮರಾ ಇತ್ತು, ಅದರೊಳಗೆ ಎಂಟು ಫೋಟೋಗಳ ರೋಲು. ಸಾವಿರ ಕಂಬದ ಬಸದಿಯ ಕಂಬಗಳನ್ನು ಒಂದೊಂದಾಗಿ ತೆಗೆಯುವ ಸಂಕಲ್ಪ ತೊಟ್ಟು ಅವರು ಆರನೆಯ ಕಂಬದವರೆಗೆ ಬಂದಿದ್ದರು. ಉಳಿದ ಎರಡನ್ನು ನನಗೆ ದಾನ ಮಾಡಿದರು.

ಮನೆಗೆ ಕಾರ್ಡು ಬರೆದೆ: "ಭಾನುವಾರ ಬೆಳಿಗ್ಗೆ ಕಡವಿನ ದೋಣಿಯಿಂದ ಮನೆಯ ಫೋಟೋ ತೆಗೆಯುತ್ತೇನೆ. ಹಿತ್ತಿಲಲ್ಲಿ ನಿಂತಿರಿ." ಮನುಷ್ಯರು ಪಕ್ಕದಲ್ಲಿದ್ದರೆ ಬಿರುಕಿನ ಅಳತೆ ತಿಳಿಯುತ್ತದೆ ಎಂಬುದು ನನ್ನ ಲೆಕ್ಕ. ಅದನ್ನು ಬರೆಯಲಿಲ್ಲ. ನಮ್ಮ ಅಂಚೆಯವನು ಕಾರ್ಡುಗಳನ್ನು ದಾರಿಯುದ್ದಕ್ಕೂ ಓದಿ ಹೇಳುತ್ತ ಬರುವವನು. ನಮ್ಮ ಮನೆ ಬೀಳುತ್ತಿದೆಯೆಂದು ಅವನ ಬಾಯಿಂದ ಪೇಟೆಗೆಲ್ಲ ತಿಳಿಸಲು ನನ್ನ ಪೆನ್ನು ಮೇಲೇಳಲಿಲ್ಲ.

ಭಾನುವಾರ ಮೊದಲ ಬಸ್ಸಿಗೆ ಬಂದವನು, ಬೆಳಕು ಹೋದೀತೆಂದು ಮನೆಗೂ ಹೋಗದೆ ನೇರ ಕಡವಿಗೆ ಇಳಿದೆ. ದೋಣಿ ನಡೆಸುತ್ತಿದ್ದವರು ಬ್ಯಾರಿ ಹಿರಿಯರೊಬ್ಬರು, ಊರಿಗೆಲ್ಲ ಕಾಕ.

"ಬೇಗ ಹತ್ತಿ ಮಾಸ್ಟ್ರೇ. ನೀರಿನ ಬಣ್ಣ ನೋಡಿದಿರಾ? ಬೆಳ್ತಂಗಡಿ ಕಡೆ ರಾತ್ರಿ ಸುರಿದಿದೆ. ಇದೊಂದು ಸಲ ದಾಟಿಸಿ ದೋಣಿ ಮೇಲೆ ಎಳೆಯುವುದೇ. ಇನ್ನು ಮಳೆಗಾಲ ಕಳೆದ ಮೇಲೆ."

ನಡುಹೊಳೆಯಲ್ಲಿ ಕ್ಯಾಮರಾವನ್ನು ಎದೆಗೊತ್ತಿ, ಅದರ ಉಗುರಗಲದ ಗಾಜಿನೊಳಗೆ ಊರನ್ನು ಹುಡುಕಿ ಒತ್ತಿದೆ. ಅದೇ ಕ್ಷಣಕ್ಕೆ ಮುಂದೆ ಕುಳಿತಿದ್ದವರೊಬ್ಬರು, ಹನಿ ಬಿತ್ತೆಂದು, ಕೊಡೆ ಬಿಡಿಸಿದರು.

"ಫೋಟೋಕ್ಕೆ ಕೊಡೆ ಬೇಡವಾ?" ಎಂದು ಅವರು ವಿನಯದಿಂದ ಕೇಳಿದರು.

ಉಳಿದದ್ದು ಒಂದು. ಕಾಕ ಬಿದಿರಿನ ಗಳವನ್ನು ಮರಳಿಗೆ ನಾಟಿ, ಮೈಯ ಭಾರವೆಲ್ಲ ಅದರ ಮೇಲೆ ಹಾಕಿ ದೋಣಿ ನಿಲ್ಲಿಸಿದರು. ಆಗ ನಾನು ಮೊದಲ ಬಾರಿ ಬರಿಗಣ್ಣಿನಿಂದ ಬರೆಯ ಕಡೆ ನೋಡಿದೆ.

ಇಡೀ ಸಾಲೇ ಸಿಂಗರಿಸಿಕೊಂಡು ನಿಂತಿತ್ತು. ಅಂಚೆಯವನು ತನ್ನ ಕರ್ತವ್ಯ ಮಾಡಿದ್ದ. ಎಲ್ಲ ಹಿತ್ತಿಲ ಗೋಡೆಗಳಿಗೂ ಹೊಸ ಸುಣ್ಣ. ಸದಾ ತೂಗುತ್ತಿದ್ದ ಹರಕು ಬಟ್ಟೆ ಒಂದೂ ಇಲ್ಲ. ಜವಳಿ ಅಂಗಡಿಯವರು ಜರಿ ರುಮಾಲು ಸುತ್ತಿ ನಿಂತಿದ್ದರು. ನಮ್ಮ ಮನೆಯ ಹಿಂದೆ ಅಪ್ಪ ಕರಿಕೋಟು ತೊಟ್ಟು, ಅಮ್ಮ ಮದುವೆ ಮನೆಗೆ ಹೋಗುವ ಸೀರೆ ಉಟ್ಟು. ಅವರ ಕಾಲ ಬುಡದಿಂದ ಬರೆಯುದ್ದಕ್ಕೂ, ಬಿರುಕಿನ ಮೇಲೆ ಸರಿಯಾಗಿ, ನಮ್ಮ ನೀಲಿ ಪಟ್ಟೆಯ ಜಮಖಾನ ಇಳಿಬಿದ್ದಿತ್ತು. ಅದು ಮುಚ್ಚದೆ ಉಳಿದ ಭಾಗದಲ್ಲಿ ಬಿರುಕಿಗೆ ಮಣ್ಣು ಮೆತ್ತಿ ಸುಣ್ಣ ಬಳಿದದ್ದು ಕಾಣುತ್ತಿತ್ತು.

"ಜಮಖಾನ ತೆಗೀರಿ!" ಎಂದು ಕಿರುಚಿದೆ. ಹೊಳೆಯ ಸದ್ದಿನಲ್ಲಿ ಅವರಿಗೆ ಏನೂ ಕೇಳಿಸಲಿಲ್ಲ. ಕೈ ಬೀಸಿದೆ. ಅಪ್ಪ ಕೋಟಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡರು. ಅಮ್ಮ ಸೆರಗು ಸರಿಮಾಡಿಕೊಂಡರು. ಎರಡೂ ಕೈ ಬೀಸಿದೆ. ಇಡೀ ಸಾಲು ಒಂದು ಹೆಜ್ಜೆ ಮುಂದೆ ಬಂದು ನಿಂತಿತು.

"ಕಾಕಾ, ದಡಕ್ಕೆ ಬಿಡಿ, ಅದನ್ನು ತೆಗೆಸಿ ಬರ್ತೇನೆ, ಮತ್ತೊಮ್ಮೆ..."

"ಮತ್ತೊಮ್ಮೆ ಇಲ್ಲ ಮಾಸ್ಟ್ರೇ. ಅಗೋ ಮರ ಬರ್ತಾ ಉಂಟು." ಬೇರು ಸಮೇತ ಒಂದು ಮರ ಕೆಂಪು ನೀರಿನಲ್ಲಿ ತಿರುಗುತ್ತ ಬರುತ್ತಿತ್ತು. ಕಾಕನ ಗಳ ಬಿಲ್ಲಿನಂತೆ ಬಾಗಿತ್ತು. "ತೆಗೆಯುವುದಾದರೆ ಈಗ ತೆಗೀರಿ ಮಾರಾಯ್ರೇ, ನನ್ನ ಗಳ ಮುರಿಯುತ್ತದೆ!"

ಒತ್ತಿದೆ. ಹಾಗೆ ಒತ್ತುವಾಗ ಎಲ್ಲ ದೈವಗಳನ್ನೂ ಕರೆದು ಬೇಡಿಕೊಂಡದ್ದು ಒಂದೇ: ಈಗ, ಈ ಗಳಿಗೆಯಲ್ಲಿ ಒಂದು ಗಾಳಿ ಬೀಸಲಿ. ಬೀಸಲಿಲ್ಲ.

ಆಚೆ ದಡ ಸೇರಿ, ಸೇತುವೆ ಸುತ್ತಿ ಮನೆ ಮುಟ್ಟಿದಾಗ ಅಮ್ಮ ಬಾಗಿಲಲ್ಲೇ ಕೇಳಿದರು: "ಸರಿ ಬಂತಾ? ನಾನು ಕಣ್ಣು ಮುಚ್ಚಿದೆನೋ ಅಂತ."

"ಜಮಖಾನ ಯಾಕಮ್ಮ ಹಾಕಿದ್ದು?"

"ಮತ್ತೆ? ಹರಿದ ರವಿಕೆಯಲ್ಲಿ ಫೋಟೋಕ್ಕೆ ನಿಲ್ಲುತ್ತಾರಾ ಯಾರಾದರೂ? ನಿನ್ನ ಅಪ್ಪ ಎರಡು ದಿವಸ ಬಿರುಕಿನ ಉದ್ದಕ್ಕೂ ಮಣ್ಣು ಮೆತ್ತಿದ್ದಾರೆ, ಆ ಕಾಲು ಇಟ್ಟುಕೊಂಡು. ಹಸಿ ಆರದ ಕಡೆ ಜಮಖಾನ ಹೊದಿಸಿದ್ದು."

ಸಾಹೇಬರು ಕೇಳಿದ್ದು ಬಿರುಕಿನ ಫೋಟೋ ಎಂದು ಹೇಳಿದೆ. ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಳಿತರು. ಅಪ್ಪ ನಿಧಾನವಾಗಿ ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು.

"ಕಾರ್ಡಿನಲ್ಲಿ ಬರೆಯಬಹುದಿತ್ತು," ಎಂದರು.

"ಅಂಚೆಯವ ಓದುತ್ತಾನೆ."

ಅಪ್ಪ ತಲೆಯಾಡಿಸಿದರು. ಆ ಮಾತು ಅವರಿಗೆ ಕೂಡಲೇ ಅರ್ಥವಾಯಿತು. ಅದೇ ಆ ದಿನದ ಅತಿ ದೊಡ್ಡ ಸಂಕಟವಾಗಿತ್ತು.

ಮಂಗಳೂರಿನ ಸ್ಟುಡಿಯೋದಲ್ಲಿ ಫೋಟೋ ತೊಳೆಸಿ ಕಚೇರಿಗೆ ಒಯ್ದಾಗ ಮಳೆ ಹಿಡಿದಿತ್ತು. ಜಮಖಾನದ ಹಿಂದೆ ಬಿರುಕು ಉಂಟೆಂದು ನಾನು ಬೆರಳಿಟ್ಟು ತೋರಿಸಿದೆ. ಸಾಹೇಬರು ಕನ್ನಡಕ ಏರಿಸಿ ನೋಡಿದರು.

"ಬಂಟ್ವಾಳ ಇಷ್ಟು ಚಂದ ಉಂಟೂಂತ ನನಗೆ ಗೊತ್ತೇ ಇರಲಿಲ್ಲ ನೋಡಿ," ಎಂದರು. ಆಮೇಲೆ ಕಡತದಲ್ಲಿ ಬರೆದರು: ಲಗತ್ತಿಸಿದ ಚಿತ್ರದಲ್ಲಿ ಅಪಾಯ ಕಂಡುಬರುವುದಿಲ್ಲ. ತಲೆಕೆಳಗಾಗಿ ಓದಿದರೂ ಅಕ್ಷರ ದುಂಡಗಿತ್ತು.

ಮಳೆ ಜೋರಾದ ಆಟಿ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ನಾನು ಊರಿಗೆ ಬಂದಿದ್ದಾಗಲೇ, ಅಡುಗೆಮನೆ ಹೋಯಿತು. ಒಲೆಯ ಮೇಲೆ ಗಂಜಿ ಇತ್ತು. ನಾವು ಮೂವರೂ ಬೀದಿಯ ಕಡೆ ಓಡಿ ಉಳಿದೆವು. ಸಂಜೆಯೊಳಗೆ ಉಳಿದ ಗೋಡೆಗಳೂ ಒಂದರ ಹಿಂದೆ ಒಂದು ಇಳಿದವು. ಹೊಸ ಸುಣ್ಣ ಬಳಿದ ಗೋಡೆ ಕೆಂಪು ನೀರಿನಲ್ಲಿ ಬಹಳ ದೂರದವರೆಗೆ ಕಾಣುತ್ತಿತ್ತು.

ಆಮೇಲೆ ನಾವು ಇದ್ದದ್ದು ಮೂಡುಬಿದಿರೆಯ ಬಾಡಿಗೆಯ ಒಂದು ಕೋಣೆಯಲ್ಲಿ. ಎತ್ತಿಕೊಂಡು ಬಂದ ಸಾಮಾನಿನಲ್ಲಿ ಆ ಜಮಖಾನವೂ ಇತ್ತು. ಕೋಣೆಗೆ ಅದು ದೊಡ್ಡದು, ಮಡಚಿಯೇ ಹಾಸಬೇಕು. ಒಮ್ಮೆ ಡ್ರಾಯಿಂಗ್ ಮಾಸ್ತರರು ಬಂದಾಗ ಅಮ್ಮ ಅದನ್ನು ಪೂರ್ತಿ ಬಿಡಿಸಿ, ಅಂಚನ್ನು ಗೋಡೆಯ ಮೇಲಕ್ಕೆ ಹಾಯಿಸಿ ಹಾಸಿದರು. ಮಾಸ್ತರರು ಕೂರಲು ಬಗ್ಗಿದವರು ಹಾಗೇ ನಿಂತರು. ನೀಲಿ ಪಟ್ಟೆಗಳನ್ನು ದಾಟಿ ಈ ತುದಿಯಿಂದ ಆ ತುದಿಯವರೆಗೆ ಒಂದು ಕೆಂಪು ಗೆರೆ. ನಡುವೆ ತೋಳಿನಗಲ, ಕೆಳಗೆ ಎರಡಾಗಿ ಕವಲೊಡೆದು, ಥೇಟು ನಮ್ಮ ಬಿರುಕು. ಅಪ್ಪ ಮೆತ್ತಿದ ಹಸಿಮಣ್ಣಿನ ಕಲೆ.

"ಎಷ್ಟು ಒಗೆದರೂ ಹೋಗುವುದಿಲ್ಲ," ಎಂದರು ಅಮ್ಮ, ನಾಚಿಕೊಂಡು. ಮತ್ತೆ ಅದನ್ನು ಮಡಚಿ, ಕಲೆ ಒಳಗಾಗುವಂತೆ ಹಾಸಿ, ಕಾಫಿ ತರಲು ಹೋದರು.