ದುಂಡು ಬಾವಿಯ ಅಲೆ

ನಿಂತ ನೀರು ಕಂಡರೆ ಅದಕ್ಕೊಂದು ಕಲ್ಲು ಎಸೆಯದೆ ಮುಂದೆ ಹೋಗುವುದು ನನ್ನಿಂದಾಗದು. ಗೋಕಾಕದ ಬಸ್ಸು ಘಟಪ್ರಭೆಯನ್ನು ದಾಟುವಾಗಲೂ ಕೈ ತುರಿಸುತ್ತದೆ. ಶಾಲೆಯಲ್ಲಿ ವಿಜ್ಞಾನ ಕಲಿಸುವವನಿಗೆ ಇದು ಚಟವಲ್ಲ, ಪ್ರಯೋಗ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಹುಕ್ಕೇರಿಯಲ್ಲಿ ಬಾಡಿಗೆಗಿದ್ದ ಮನೆಯ ಹಿತ್ತಲಲ್ಲಿ ದುಂಡನೆಯ ಬಾವಿಯೊಂದಿತ್ತು. ಒಂದು ರವಿವಾರ ಬೆಳಿಗ್ಗೆ ಹಗ್ಗದ ಕುಣಿಕೆ ಸಡಿಲಾಗಿ, ಹೆಂಡತಿ ಸುನಂದಾಳ ಹಿತ್ತಾಳೆ ಕೊಡ ಅದರೊಳಗೆ ಬಿತ್ತು. ಪುಣ್ಯಕ್ಕೆ ಮುಳುಗದೆ, ಬಾಯಿ ಮೇಲೆ ಮಾಡಿಕೊಂಡು ನಟ್ಟನಡುವೆ ತೇಲುತ್ತಿತ್ತು. ತುಕ್ಕಾನಟ್ಟಿಯ ಅವಳ ತಾಯಿ ಮದುವೆಯಲ್ಲಿ ತಮ್ಮ ಹೆಸರು ಕೊರೆಸಿ ಕೊಟ್ಟ ಕೊಡ ಅದು. ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

"ಕಲ್ಲು ಒಗದ್ರ ಅಲಿ ಅದನ್ನ ದಂಡಿಗೆ ತರ್ತಾವೇನ್ರಿ?" ಎಂದಳು.

ಕೇಳಬಾರದವನನ್ನು ಕೇಳಿದ್ದಳು. ಅಲೆ ಹೋಗುತ್ತದೆ, ನೀರು ಹೋಗುವುದಿಲ್ಲ ಎಂದು ಶುರುಮಾಡಿದೆ. ಜೋಳದ ಹೊಲದ ಮೇಲೆ ಗಾಳಿ ಹಾಯ್ದರೆ ತೆನೆ ಬಾಗಿ ಏಳುತ್ತದೆಯೇ ಹೊರತು ಹೊಲ ಬಿಟ್ಟು ನಡೆಯುವುದಿಲ್ಲವಲ್ಲ, ಹಾಗೆ.

"ಮೊದಲ ಕೊಡ ತಗೀರಿ. ಪಾಠ ಆಮ್ಯಾಲ ಹೇಳ್ರಿ."

ಸಾಧಿಸಿ ತೋರಿಸದೆ ಬಿಟ್ಟರೆ ನಾನೆಂಥ ಮಾಸ್ತರ? ಕೊಡದ ಪಕ್ಕಕ್ಕೆ ಒಂದು ಮುಷ್ಟಿಗಾತ್ರದ ಕಲ್ಲು ಬಿಟ್ಟೆ. ಕೊಡ ಎದ್ದಿತು, ಇಳಿಯಿತು, ಇದ್ದಲ್ಲೇ ಇತ್ತು. ನಾನು ಗೆದ್ದೆ.

ಮರೆತದ್ದು ಗೋಡೆಯನ್ನು. ಕರಿಹಲಗೆಯ ಮೇಲೆ ನಾನು ಬರೆಯುವ ಅಲೆಗಳಿಗೆ ಗೋಡೆಯಿರುವುದಿಲ್ಲ. ಇಲ್ಲಿ ಅಲೆಯ ಬಳೆ ಹಿಗ್ಗುತ್ತ ಹೋಗಿ, ಸುತ್ತಲೂ ಏಕಕಾಲಕ್ಕೆ ಗೋಡೆ ಮುಟ್ಟಿ, ಕುಗ್ಗುತ್ತ ಹೊರಟ ಜಾಗಕ್ಕೇ ಮರಳಿತು. ನಡುವೆ ಎಲ್ಲ ಸೇರಿ ನೀರು ಒಮ್ಮೆಲೇ ಉಬ್ಬಿ ನಿಂತಿತು. ಅಂಥ ಚೆಂದವನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಆಹಾ" ಎಂದೆ. ಕೊಡ ಗುಳುಗುಳು ಎಂದು ಮುಳುಗಿತು.

ಸುನಂದಾ ಖಾಲಿ ಹಗ್ಗವನ್ನು ಸುತ್ತಿ ಕಟ್ಟೆಯ ಮೇಲಿಟ್ಟಳು. ಬೈದಿದ್ದರೆ ವಾಸಿಯಿತ್ತು. ಎಂದೂ ಇಲ್ಲದಷ್ಟು ನಾಚಿಕೆಯಾಯಿತು.

ಬಾವಿಯ ತಳ ಜಾಲಾಡುವ ಕಬ್ಬಿಣದ ಕೊಕ್ಕೆಗಳ ಪಾತಾಳಗರಡಿ ಪಕ್ಕದ ಮನೆಯ ಕಾಕಾನ ಹತ್ತಿರವಿತ್ತು. ಪದ್ಧತಿಯಂತೆ ಅದಕ್ಕೊಂದು ಪಾತ್ರೆ ಒತ್ತೆಯಿಡಬೇಕು. "ಮಾಸ್ತರ್ರ ಆದ್ರೂ ಪಾತ್ರಿ ಇಟ್ಟ ಒಯ್ಬೇಕ್ರಿ" ಎಂದ ಕಾಕಾ. ನನ್ನ ಊಟದ ಡಬ್ಬಿ ಇಟ್ಟು ತಂದೆ. ದಿನವಿಡೀ ಜಾಲಾಡಿದೆ. ಯಾರದೋ ತಂಬಿಗೆ ಬಂತು, ತುಕ್ಕು ಹಿಡಿದ ಬಕೆಟ್ಟು ಬಂತು. ಸಂಜೆಯ ಹೊತ್ತಿಗೆ ಕೊಡವೂ ಬಂತು.

ಸುನಂದಾ ಅದರ ಕೆಸರು ತೊಳೆದು, ತಾಯಿಯ ಹೆಸರಿನ ಮೇಲೆ ಬೆರಳಾಡಿಸಿ, ಕೊಡವನ್ನು ಸೊಂಟಕ್ಕೇರಿಸಿಕೊಂಡು ಬಾವಿಯ ಕಟ್ಟೆಗೆ ಬಂದು ನಿಂತಳು.

"ಈಗ ಇನ್ನೊಂದು ಕಲ್ಲು ಒಗೀರಿ," ಎಂದಳು. "ಮುಂಜಾನೆ ನಾ ಬರೇ ಕೊಡಾ ನೋಡಾಕತ್ತಿದ್ನಿ. ಆ ಅಲಿ ನನಗ ಕಾಣಲೇ ಇಲ್ಲ."