ಅಪ್ಪನ ಕಂಪ್ಯೂಟರಿಗೆ ಇಟ್ಟ ಕುಂಕುಮ

ಇವತ್ತು ಆಯುಧಪೂಜೆ. ಕುಂಕುಮದ ಬಟ್ಟಲು ಹಿಡಿದು ಮಗಳು ಲ್ಯಾಪ್‌ಟಾಪ್ ಕಡೆ ಹೊರಟಳು. ನನಗೆ ಅಪ್ಪನ ಆಫೀಸು ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ಅಪ್ಪ ಗುಮಾಸ್ತರು. ದಸರಾ ರಜೆಯಲ್ಲಿ ಅವರ ಪಕ್ಕ ಕೂತು ನಾನು ಹೋಂವರ್ಕ್ ಮಾಡುತ್ತಿದ್ದೆ. ಒಂದು ವರ್ಷ ಆಯುಧಪೂಜೆಯ ನಂತರ ಮೊದಲ ಸಲ ಆನ್ ಮಾಡಿದ ಕಂಪ್ಯೂಟರ್ ‘ಮೆಮೊರಿ ಎರರ್’ ಎಂದು ನಿಂತುಬಿಟ್ಟಿತು. ಅಪ್ಪ ಮುಚ್ಚಳ ಬಿಚ್ಚಿ ನೋಡಿದರು. ಲೇತ್ ಮಿಷನ್ನಿಗೆ ಇಟ್ಟಂತೆ ಒಳಗಿನ ಒಂದೊಂದು ಚಿಪ್ಪಿಗೂ ಕಲಸಿದ ಕುಂಕುಮ ಇಟ್ಟಿದ್ದವರು ಅವರೇ!

“ನಿನ್ ರಬ್ಬರ್ ಕೊಡೇ, ಬೇಗ!”

ಚಿಪ್ಪುಗಳನ್ನು ಕಿತ್ತು, ಅವುಗಳ ಲೋಹದ ಕಾಲುಗಳನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಒತ್ತಿ ಕೂರಿಸಿದರು. ಹೊರಗೆ ಫ್ಯಾಕ್ಟರಿ ಯಜಮಾನರ ಸ್ಕೂಟರ್ ನಿಂತ ಸದ್ದು. ಅಪ್ಪ ಸ್ವಿಚ್ ಹಾಕಿದರು. ಪರದೆ ಬೆಳಗಿತು.

“ಪೂಜೆ ಮಾಡಿದ್ಮೇಲೆ ಚೆನ್ನಾಗ್ ಓಡ್ತಿದೆ ಅಲ್ವೇನ್ರೀ?” ಎಂದರು ಯಜಮಾನರು.

“ಹೌದು ಸಾರ್,” ಎಂದ ಅಪ್ಪನ ಮುಷ್ಟಿಯೊಳಗೆ ನನ್ನ ರಬ್ಬರ್ ಕೆಂಪಗಿತ್ತು.

“ಮುಚ್ಚಳದ ಮೇಲೆ ಮಾತ್ರ ಇಡೇ,” ಎಂದೆ ಮಗಳಿಗೆ.