ಕಂಬಳಿಯ ಕೆಳಗಿನ ನಗೆ

ಮಾಲು ಅಂತ ನೋಡಿದರೆ ದುಬಲಗುಂಡಿಯ ಮಡೆಪ್ಪನಲ್ಲಿ ಕೊಳ್ಳುವಂಥದ್ದು ಏನೂ ಇರಲಿಲ್ಲ. ಎತ್ತರ ಕಡಿಮೆ, ತೂಕ ಅದಕ್ಕಿಂತ ಕಡಿಮೆ. ಮುಂದಿನ ಹಲ್ಲು ಎರಡಿಲ್ಲ. ಧೋತರ ಮೊಣಕಾಲಿಗೇ ಮುಗಿಯುತ್ತಿತ್ತು. ಹೆಗಲ ಮೇಲಿನ ಕಂಬಳಿಯೊಂದೇ ಗಟ್ಟಿ ಸರಕು, ಅದೂ ಅವನಪ್ಪನದು. ಹುಮನಾಬಾದಿನ ಜೋಳ-ತೊಗರಿಯ ಅಡತಿ ವ್ಯಾಪಾರಿ ನಾಗನಾಥ ಅವನನ್ನು ಮೊದಲ ಸಲ ಕಂಡದ್ದು ಐವತ್ತೆಂಟನೇ ಇಸವಿಯಲ್ಲಿ, ಕುರಿ ಸಂತೆಯಲ್ಲಿ. ಚೀಲದೊಳಗಿನ ಕಾಳು ಅಂಗೈಗೆ ಹಾಕಿಕೊಂಡು ನೋಡುವಂತೆ ಮೇಲಿಂದ ಕೆಳಗೆ ನೋಡಿ, ಇದು ಎರಡನೇ ನಂಬರಿನ ಮಾಲು ಎಂದು ತೀರ್ಮಾನಿಸಿದ. ನಾಗನಾಥನ ಅಂದಾಜು ತಪ್ಪುವುದು ಅಪರೂಪ. ಇಲ್ಲಿ ತಪ್ಪಿತು.

ಮಡೆಪ್ಪ ಕುರಿ ದಲಾಲ. ಸಂತೆಯಲ್ಲಿ ಬಾಯಿಬಿಟ್ಟು ಬೆಲೆ ಹೇಳುವ ರೂಢಿ ಇರಲಿಲ್ಲ. ದಲಾಲ ಕಂಬಳಿಯ ತುದಿ ಎತ್ತುತ್ತಾನೆ, ಅದರ ಕೆಳಗೆ ಕೈಗೆ ಕೈ ಸೇರುತ್ತದೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಐದೂ ಸೇರಿಸಿ ಹಿಡಿದರೆ ಐದು. ಅಂಗೈ ಮೇಲೆ ಉಗುರಿನಿಂದ ಗೀರಿದರೆ ಅರ್ಧ. ಹತ್ತಿನ ಮಾತೋ ನೂರಿನ ಮಾತೋ ಎನ್ನುವುದು ಮಾಲು ನೋಡಿದವನಿಗೆ ಗೊತ್ತೇ ಇರುತ್ತದೆ. ಸುತ್ತ ನಿಂತವರಿಗೆ ಕಾಣುವುದು ಮುಖ ಮಾತ್ರ. ಹಾಗಾಗಿ ದಲಾಲನ ಮುಖ ಬಾಗಿಲು ಹಾಕಿದ ಅಂಗಡಿಯ ಹಾಗೆ ಇರಬೇಕು.

ಮಡೆಪ್ಪನಿಗೋ, ಅಂಗೈಯಲ್ಲಿ ಕಚಗುಳಿ. ಬೆರಳು ಹಿಡಿದರೆ ಹೇಗೋ ತಡೆದುಕೊಳ್ಳುತ್ತಿದ್ದ. ಅರ್ಧ ಅಂತ ಗೀರಿದರೆ ಕಿಸಕ್ಕನೆ ನಕ್ಕುಬಿಡುತ್ತಿದ್ದ. ಹೈದರಾಬಾದಿಗೆ ಕುರಿ ಸಾಗಿಸುತ್ತಿದ್ದ ಬದ್ರುದ್ದೀನ್ ಎರಡೇ ಸಂತೆಯಲ್ಲಿ ಇದನ್ನು ಹಿಡಿದ. "ಮಡೆಪ್ಪ ನಕ್ಕ ಅಂದ್ರ ರೇಟಿನ್ಯಾಗ ಅರ್ಧ ಅದ ಅಂತ ತಿಳ್ಕೋರಿ," ಎಂದು ಚಹಾದಂಗಡಿಯಲ್ಲಿ ಸಾರಿದ. ಗುಟ್ಟು ನಿಲ್ಲದ ದಲಾಲನ ಕಂಬಳಿಗೆ ಎರಡು ವಾರ ಯಾರೂ ಕೈ ಹಾಕಲಿಲ್ಲ.

ಮೂರನೆಯ ವಾರ ಮಡೆಪ್ಪ ಉಪಾಯ ಮಾಡಿಕೊಂಡು ಬಂದ. ಒಂದು ಬೆರಳು ಹಿಡಿದರೂ ನಕ್ಕ, ಐದು ಹಿಡಿದರೂ ನಕ್ಕ, ಹಿಡಿಯುವ ಮುಂಚೆಯೇ ನಕ್ಕ. ಎಲ್ಲದಕ್ಕೂ ನಗುವವನ ಮುಖ ಯಾರು ಓದಿಯಾರು?

"ಅರೇ ಭಾಯಿ," ಎಂದ ಬದ್ರುದ್ದೀನ್, "ಇದರಾಗ ಖರೇ ನಗು ಯಾವ್ದು, ಖೋಟಾ ಯಾವ್ದು?"

"ಶುರುವಿಗೆ ಖೋಟಾನೇ ಇರ್ತದ್ರಿ ಸೇಠ. ಒಂದ್ ಹತ್ತು ಸಲ ನಕ್ಕ ಮ್ಯಾಲ ನನಗೂ ಗುರ್ತು ಸಿಗಂಗಿಲ್ಲ."

ವ್ಯಾಪಾರ ತಿರುಗಿ ಬಂತು, ಜೊತೆಗೆ ಬೇರೆಯದೂ ಬಂತು. ಬೆಲೆ ಹೊಂದದೆ ಕಾಲರು ಹಿಡಿಯಲು ಎದ್ದವರು ಈ ಪುಣ್ಯಾತ್ಮ ನಗುವುದನ್ನು ಕಂಡು ಕೈ ಸಡಿಲಿಸುತ್ತಿದ್ದರು. ಹೆಂಡತಿಯನ್ನು ಕಳೆದುಕೊಂಡ, ಹುಡಗಿ ಎಂಬ ಊರಿನ ಒಬ್ಬ ರೈತ, ಒಂದು ಕುರಿಯೂ ಇಲ್ಲದವನು, ಪ್ರತಿ ಸಂತೆಗೆ ಬಂದು ಮಡೆಪ್ಪನ ಪಕ್ಕ ಸುಮ್ಮನೆ ಕೂತು ಹೋಗುತ್ತಿದ್ದ. ಅವನ ಮುಖಕ್ಕೆ ಆರು ತಿಂಗಳಲ್ಲಿ ಬಣ್ಣ ಬಂದದ್ದನ್ನು ನಾಗನಾಥ ಕಣ್ಣಾರೆ ಕಂಡ. ಲಾಭವಿಲ್ಲದೆ ನಗುವುದು ನಾಗನಾಥನ ಸ್ವಭಾವದಲ್ಲಿ ಇರಲಿಲ್ಲ. ಆದರೂ ಕೆಲವು ಸಲ ಆ ದಾರಿಯಲ್ಲಿ ಸುತ್ತು ಹಾಕಿ ಹೋಗತೊಡಗಿದ.

"ಪುಣ್ಯ ಮಾಡೀದಿ ಭೀಮಬಾಯಿ, ಮನಿ ತುಂಬ ನಗು," ಎಂದು ಒಮ್ಮೆ ಮಡೆಪ್ಪನ ಹೆಂಡತಿಗೆ ಹೇಳಿದ.

"ಎಲ್ಲೀದ್ರಿ ಸಾವಕಾರ್ರ! ಇದ್ದ ನಗು ಎಲ್ಲಾ ಸಂತ್ಯಾಗ ಮಾರಿ ಬರ್ತಾನ. ಮನಿಗೆ ಬಂದು ಸಪ್ಪಗ ಮಲಗ್ತಾನ," ಎಂದಳು ಅವಳು. ಹೇಳುವಾಗ ಅವಳೂ ನಗುತ್ತಿದ್ದಳು.

ಅರವತ್ತೈದರಲ್ಲಿ ನಾಗನಾಥನ ಮನೆಯಲ್ಲೇ ಮಾತು ನಿಂತಿತು. ಅಪ್ಪ ತೀರಿದ ಮೇಲೆ ಅಂಗಡಿಯಲ್ಲಿ ಅಪ್ಪನ ಗಾದಿಯ ಮೇಲೆ ಯಾರು ಕೂಡಬೇಕು ಎನ್ನುವುದಕ್ಕೆ ಅವನಿಗೂ ತಮ್ಮ ದಿಗಂಬರನಿಗೂ ಜಗಳ ಹತ್ತಿತು. ಗಾದಿಯೆಂದರೆ ಎರಡು ಮೊಳದ ಹತ್ತಿಯ ಹಾಸಿಗೆ, ಅದರಲ್ಲೂ ಒಂದು ಮೂಲೆ ಇಲಿ ಕಡಿದದ್ದು. ಅದಕ್ಕಾಗಿ ಮನೆಯ ನಡುವೆ ಗೋಡೆ ಎದ್ದಿತು, ಒಲೆ ಎರಡಾದವು, ಅಣ್ಣತಮ್ಮಂದಿರಿಗೂ ಅವರ ಹೆಂಡಿರು ರುಕ್ಮಿಣಿಬಾಯಿ, ಮೀರಾಬಾಯಿಯರಿಗೂ ಮಾತು ಬಿಟ್ಟುಹೋಯಿತು. ಎರಡೂ ಬಾಗಿಲು ದಾಟುತ್ತಿದ್ದವಳು ತಾಯಿ ಮಾಣಿಕಮ್ಮ ಒಬ್ಬಳೇ. ಮನಸ್ಸು ಬಂದ ಕಡೆ ಉಣ್ಣಲಿ ಎಂದು ಇಬ್ಬರೂ ಬಿಟ್ಟಿದ್ದರು.

ಮೂರು ವರ್ಷದಲ್ಲಿ ಮಾಣಿಕಮ್ಮ ಸವೆದು ಹೋದಳು. ಕೈಯ ಬೆಳ್ಳಿ ಕಡಗ ಮೊಣಕೈವರೆಗೆ ಸರಿಯುತ್ತಿತ್ತು. ಡಾಕ್ಟರು ನಾಡಿ ನೋಡಿದರು, ಹೊಟ್ಟೆ ಒತ್ತಿದರು, ಟಾನಿಕ್ಕು ಬರೆದರು. "ರೋಗ ಅಂತ ಏನೂ ಇಲ್ರಿ. ಆದ್ರ ಹಿಂಗೇ ಕರಗಿದ್ರ ಈ ಚಳಿಗಾಲ ದಾಟೂದು ಕಷ್ಟ," ಎಂದರು. ನಾಗನಾಥ ತಮ್ಮನ ಮನೆಯಲ್ಲಿ ಏನು ಉಣ್ಣಿಸುತ್ತಾರೋ ಎಂದು ಹಲ್ಲು ಕಡಿದ. ಕೇಳೋಣವೆಂದರೆ ಮಾತಿಲ್ಲ.

ಅಂಗಡಿ ಮಾತ್ರ ಹಂಚದೆ ಉಳಿದಿತ್ತು. ಒಬ್ಬ ಇಟ್ಟುಕೊಂಡು ಇನ್ನೊಬ್ಬನಿಗೆ ಬೆಲೆ ಕೊಡಬೇಕು. ಆದರೆ ಮಾತೇ ಇಲ್ಲದವರು ಬೆಲೆ ಹೇಗೆ ಆಡುವುದು? ಸೋದರಮಾವ ಮಹಾರುದ್ರಪ್ಪ ದಾರಿ ತೋರಿಸಿದ. "ಬಾಯಿ ಬ್ಯಾಡಂದ್ರ ಬಿಡ್ರಿ, ಕೈ ಅವಲ್ಲ. ಕಂಬಳಿ ಕೆಳಗ ಮುಗಿಸ್ರಿ." ಪೇಟೆಯ ದಲಾಲರೆಲ್ಲ ಒಬ್ಬನಲ್ಲ ಒಬ್ಬನ ಕಡೆ ಸೇರಿದ್ದರು. ಯಾರ ಕಡೆಯೂ ಸೇರದವನು ಮಡೆಪ್ಪ ಮಾತ್ರ.

ಅವನು ದುಬಲಗುಂಡಿಯ ಬಸ್ಸಿಗೆ ಬಂದ. ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತ ಮಾಣಿಕಮ್ಮನನ್ನು ನೋಡಿದವನೇ ಮುಖ ಬಿಗಿ ಮಾಡಿಕೊಂಡ. ಈ ಮನೆಯಲ್ಲಿ ನಗಬಾರದು ಎಂದು ಅವನು ನಿರ್ಧಾರ ಮಾಡಿದ್ದು ನಾಗನಾಥನಿಗೆ ಕಂಡಿತು. ಅಣ್ಣ ಬಲಕ್ಕೆ, ತಮ್ಮ ಎಡಕ್ಕೆ, ನಡುವೆ ಮಡೆಪ್ಪ, ಮೂವರ ಕೈ ಮೇಲೂ ಕಂಬಳಿ. ನಾಗನಾಥ ಎರಡು ಬೆರಳು ಹಿಡಿದ, ಮೇಲೆ ಅರ್ಧ ಎಂದು ಅಂಗೈ ಗೀರಿದ. ಆ ಕಡೆ ದಿಗಂಬರನೂ ಅದೇ ಹೊತ್ತಿಗೆ ಗೀರಿದ.

ಮಡೆಪ್ಪ ಉಸಿರು ಬಿಗಿ ಹಿಡಿದ. ಕುತ್ತಿಗೆಯ ನರ ಉಬ್ಬಿದವು, ಕಣ್ಣಲ್ಲಿ ನೀರು ಬಂತು, ಮೂಗಿನಿಂದ ಕುರಿ ಸೀನಿದಂಥ ಸದ್ದು ಬಂತು. ಆಮೇಲೆ ಕಟ್ಟೆ ಒಡೆಯಿತು.

"ಬ್ಯಾಡ್ರೀ ಸಾವಕಾರ್ರ! ಎರಡೂ ಕೈಗೆ ಒಮ್ಮೆಗೇ ಬ್ಯಾಡ್ರೀ ಯಪ್ಪಾ!"

ಮಹಾರುದ್ರಪ್ಪ ಗದರಿದ: "ಏನಲೇ, ಇದೇನ್ ಕುರಿ ಸಂತಿ ಅಂತ ಮಾಡಿಯೇನು?"

"ಕುರಿಗಳ ಮಾರಿನೂ ಇಷ್ಟು ಬಿಗಿ ಇರಂಗಿಲ್ರೀ ಯಜಮಾನ್ರ!"

ಆಗ ಕಂಬದ ಕಡೆಯಿಂದ ಒಂದು ಸದ್ದು ಬಂತು. ಬಹಳ ದಿನ ತೆಗೆಯದ ಕದ ತೆಗೆದಂತೆ ಮೊದಲು ಕಿರುಗುಟ್ಟಿತು, ಆಮೇಲೆ ಸರಾಗವಾಯಿತು. ಮಾಣಿಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ನನ್ನಿಂದ ಆಗಂಗಿಲ್ರಿ. ನೀವ ಹಿಡ್ಕೊಳ್ರಿ," ಎನ್ನುತ್ತ ಮಡೆಪ್ಪ ತನ್ನ ಕೈ ಎಳೆದುಕೊಂಡು, ಅಣ್ಣನ ಕೈಯನ್ನು ತಮ್ಮನ ಕೈಗೆ ಕೊಟ್ಟು ಹೊರಳಿ ಬಿದ್ದ. ಕಂಬಳಿಯ ಕೆಳಗೆ ಎರಡು ಕೈ ಉಳಿದವು. ಮೂರು ವರ್ಷದಿಂದ ಮುಟ್ಟದ ಕೈ. ನಾಗನಾಥ ಬಿಡಿಸಿಕೊಳ್ಳಲಿಲ್ಲ. ದಿಗಂಬರನ ಉಗುರು ಅವನ ಅಂಗೈ ಮೇಲೆ ಮೆಲ್ಲಗೆ ಗೀರಿತು. ನಾಗನಾಥನಿಗೆ ಕಚಗುಳಿ ಎನ್ನುವುದೇ ಗೊತ್ತಿರಲಿಲ್ಲ. ಆದರೂ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಣ್ಣಾ, ಅವ್ವ ನಗಾಕತ್ತಾಳ ನೋಡು," ಎಂದ ದಿಗಂಬರ. ಕಣ್ಣೊರೆಸಿಕೊಂಡು ಮತ್ತೆ ಹೇಳಿದ: "ಎರಡೂ ಹೊತ್ತು ನಿಮ್ಮಲ್ಲೇ ಉಣ್ತಾಳ. ಒಂದ್ ಹೊತ್ತಾದ್ರೂ ನಮ್ಮ ಕಡೆ ಕಳಸು."

"ನಮ್ಮಲ್ಲಿ? ನಮ್ಮಲ್ಲಿ ಎಲ್ಲಿ ಉಣ್ತಾಳೋ? ದಿನಾ ನಿಮ್ಮಲ್ಲಿ ಉಂಡು ಬಂದೀನಿ ಅಂತಾಳ."

ಎಲ್ಲರೂ ಮಾಣಿಕಮ್ಮನ ಕಡೆ ತಿರುಗಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ ಅವಳು ಕಡಗ ಸರಿಸಿಕೊಳ್ಳುತ್ತ ಕೂತಳು.

"ಏನ್ ಮಾಡ್ಲೋ? ಇವನ ಮನ್ಯಾಗ ಕುಂತ್ರ ಅವನ ನೆನಪು, ಅವನ ಮನ್ಯಾಗ ಕುಂತ್ರ ಇವನದು. ತುತ್ತು ಇಳೀತಿರಲಿಲ್ಲ. ಎರಡು ತುತ್ತು ತಿಂದು, ಅಲ್ಲಿ ಉಂಡೀನಿ ಅಂತಿದ್ದೆ. ನೀವು ಒಬ್ಬರನ್ನ ಒಬ್ಬರು ಕೇಳಂಗಿಲ್ಲ ಅಂತ ಗೊತ್ತಿತ್ತಲ್ಲ."

ಲೋಕದ ಸರಕೆಲ್ಲ ತೂಗುವ ಅಡತಿಯವರು, ತಾಯಿಯ ಊಟ ತೂಗಿರಲಿಲ್ಲ. ರುಕ್ಮಿಣಿಬಾಯಿ ಒಳಗೆ ಹೋಗಿ ರೊಟ್ಟಿ ತಂದಳು. ಮೀರಾಬಾಯಿ ಗೋಡೆಯಾಚೆಯಿಂದ ತೊಗರಿಬೇಳೆ ತಂದಳು. ಮಾಣಿಕಮ್ಮ ಮಕ್ಕಳ ನಡುವೆ ಕೂತು ಎರಡು ರೊಟ್ಟಿ ಉಂಡಳು. ನಡುನಡುವೆ ಮಡೆಪ್ಪನ ಕಡೆ ನೋಡಿ ನಕ್ಕು ಕೆಮ್ಮುತ್ತಿದ್ದಳು.

ನಕ್ಕ ಮಾತ್ರಕ್ಕೆ ಗೋಡೆ ಬೀಳಲಿಲ್ಲ. ಅಂಗಡಿ ನಾಗನಾಥನಿಗೆ ಉಳಿಯಿತು. ದಿಗಂಬರ ಬಸವಕಲ್ಯಾಣದಲ್ಲಿ ಬೇರೆ ಅಂಗಡಿ ಹಾಕಿದ, ವಾರಕ್ಕೊಮ್ಮೆ ಬಂದು ಅಣ್ಣನ ಪಕ್ಕ ಕೂತು ಹೋಗುತ್ತಿದ್ದ. ತಾಯಿ ತಿಂಗಳು ಇಲ್ಲಿ, ತಿಂಗಳು ಅಲ್ಲಿ. ಅವಳು ಹೊರಟಾಗಲೆಲ್ಲ ಹಿಂದೆಯೇ ಒಂದು ಕಾರ್ಡು ಹೋಗುತ್ತಿತ್ತು: ಎರಡೂ ಹೊತ್ತು ಉಂಡಾಳ, ಅವಳ ಮಾತು ನಂಬಬ್ಯಾಡ, ಕಣ್ಣಿನಿಂದ ನೋಡು. ಟಾನಿಕ್ಕಿನ ಬಾಟಲಿ ಅರ್ಧಕ್ಕೇ ನಿಂತಿತು. ಡಾಕ್ಟರು ಹೇಳಿದ ಚಳಿಗಾಲ ದಾಟಿ ಅವಳು ಇನ್ನೂ ಒಂಬತ್ತು ಚಳಿಗಾಲ ಕಂಡಳು.

ಮಡೆಪ್ಪ ಅಂದಿನ ದಲಾಲಿಯನ್ನು ಎರಡೂ ಕಡೆಯಿಂದ ತೆಗೆದುಕೊಂಡ. "ಎರಡೂ ಕೈಗೆ ಗೀರೀರಿ, ಎರಡೂ ಕೈಯಿಂದ ಕೊಡ್ರಿ," ಎಂದ. ಎಂಬತ್ತೊಂದನೇ ಇಸವಿಯಲ್ಲಿ ತೀರಿಕೊಳ್ಳುವವರೆಗೂ ಅವನು ಸಂತೆ ತಪ್ಪಿಸಲಿಲ್ಲ. ಅವನ ಮಣ್ಣಿಗೆ ಹುಮನಾಬಾದಿನಿಂದ ನಾಗನಾಥ, ಬಸವಕಲ್ಯಾಣದಿಂದ ದಿಗಂಬರ ಹೋಗಿ ಒಟ್ಟಿಗೆ ಹೆಗಲು ಕೊಟ್ಟರು.

ನಾಗನಾಥನಿಗೆ ತಮ್ಮ ತಿರುಗಿ ಸಿಕ್ಕ, ಅವನ ತಾಯಿ ಒಂಬತ್ತು ವರ್ಷ ಹೊಟ್ಟೆತುಂಬ ಉಂಡಳು. ಎರಡೂ ಮಡೆಪ್ಪನಿಂದ ಆದವು.